ಮಗುವಿನ ಜಠರದ ಸೋಂಕು: ರಕ್ತ ಹೇಳುವುದೆಷ್ಟು?

ಎಂಟು ವರ್ಷದ ಮಗುವಿಗೆ ತಿಂಗಳುಗಟ್ಟಲೆ ಹೊಟ್ಟೆನೋವು. ಹೊಕ್ಕುಳ ಸುತ್ತ ಹಿಡಿದಂತಾಗುತ್ತದೆ, ಶಾಲೆಗೆ ಹೊರಡುವ ಹೊತ್ತಿಗೆ ಜಾಸ್ತಿಯಾಗುತ್ತದೆ, ಆಟಕ್ಕೆ ಇಳಿದರೆ ಮರೆತುಹೋಗುತ್ತದೆ. ಜಂತುಹುಳುವಿನ ಮಾತ್ರೆ ಆಯಿತು, ಗ್ಯಾಸ್ಟ್ರಿಕ್ ಸಿರಪ್ ಆಯಿತು. ಕೊನೆಗೆ ಯಾರೋ ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ಸಂಜೆ ಲ್ಯಾಬ್‌ನಿಂದ ಬಂದ ಹಾಳೆಯಲ್ಲಿ ಹಿಮೋಗ್ಲೋಬಿನ್ 10.4, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಎಚ್. ಪೈಲೋರಿ ಐಜಿಜಿ: ಪಾಸಿಟಿವ್’. ಹೊಟ್ಟೆನೋವಿಗೂ ರಕ್ತಹೀನತೆಗೂ ಒಟ್ಟಿಗೇ ಕಾರಣ ಸಿಕ್ಕಿತೆಂದು ತಂದೆತಾಯಿ ನಿಟ್ಟುಸಿರು ಬಿಡುತ್ತಾರೆ. ‘ಬ್ಯಾಕ್ಟೀರಿಯಾ ಇದೆಯಂತೆ ಡಾಕ್ಟ್ರೇ, ಅದಕ್ಕೆ ಮಾತ್ರೆ ಕೊಟ್ಟುಬಿಡಿ’ ಎನ್ನುತ್ತಾರೆ.

ಆ ಹಾಳೆಯ ಮೇಲೆ ಅಷ್ಟು ಭಾರ ಹೊರಿಸಬಹುದೇ? ಜಠರದ ಗೋಡೆಗೆ ಅಂಟಿಕೊಂಡು ಬದುಕುವ ಒಂದು ಬ್ಯಾಕ್ಟೀರಿಯಾದ ಬಗ್ಗೆ ಮೊಣಕೈ ರಕ್ತನಾಳದಿಂದ ತೆಗೆದ ಎರಡು ಮಿಲಿಲೀಟರ್ ರಕ್ತ ಏನೇನು ಹೇಳಬಲ್ಲದು? ಕಳೆದ ಮೂವತ್ತು–ನಲವತ್ತು ವರ್ಷಗಳಲ್ಲಿ ಈ ಪ್ರಶ್ನೆಯ ಸುತ್ತ ರಾಶಿ ಸಂಶೋಧನೆ ನಡೆದಿದೆ. ಪ್ರತಿಕಾಯ, ಫೆರಿಟಿನ್, ಹೆಪ್ಸಿಡಿನ್, ಪೆಪ್ಸಿನೋಜೆನ್, ಬಿಳಿ ರಕ್ತಕಣಗಳ ಅನುಪಾತ, ಪ್ಲೇಟ್‌ಲೆಟ್ ಗಾತ್ರ, ಹೀಗೆ ಒಂದರ ಮೇಲೊಂದು ಸೂಚಕಗಳನ್ನು ಮಕ್ಕಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅವನ್ನೆಲ್ಲ ಒಟ್ಟಿಗೆ ಓದಿದಾಗ ನನಗೆ ಮನವರಿಕೆಯಾದದ್ದು ಇಷ್ಟು: ಸೋಂಕಿಗೆ ದೇಹ ಹೇಗೆ ಪ್ರತಿಕ್ರಿಯಿಸಿತು, ಅದಕ್ಕೆ ಏನು ಬೆಲೆ ತೆತ್ತಿತು ಎಂಬುದನ್ನು ರಕ್ತ ಹೇಳುತ್ತದೆ. ಬ್ಯಾಕ್ಟೀರಿಯಾ ಈಗ ಅಲ್ಲಿದೆಯೇ, ನೋವಿಗೆ ಅದೇ ಕಾರಣವೇ ಎಂದು ಕೇಳಿದರೆ ಅದರ ಉತ್ತರ ತೀರಾ ಮಸುಕು. ಮಕ್ಕಳಲ್ಲಂತೂ ಈ ಮಸುಕು ಇನ್ನೂ ದಟ್ಟ, ಏಕೆಂದರೆ ಅವರ ರಕ್ತವೇ ವಯಸ್ಸಿನೊಂದಿಗೆ ಬದಲಾಗುತ್ತಾ ಹೋಗುತ್ತದೆ.

ಎಚ್. ಪೈಲೋರಿಯ, ಅಂದರೆ ಹೆಲಿಕೋಬ್ಯಾಕ್ಟರ್ ಪೈಲೋರಿಯ ಕಥೆ ಬಹಳ ಜನರಿಗೆ ಗೊತ್ತಿರುವಂಥದ್ದೇ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಮತ್ತು ಯುವ ವೈದ್ಯ ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಈಸ್ಟರ್ ರಜೆಯಿಂದಾಗಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಕಾವುಪೆಟ್ಟಿಗೆಯಲ್ಲೇ ಉಳಿದದ್ದರಿಂದ ನಿಧಾನವಾಗಿ ಬೆಳೆಯುವ ಈ ಜೀವಿ ಕಣ್ಣಿಗೆ ಬಿತ್ತು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು, ಹೊರಬರುವ ಅಮೋನಿಯಾದಿಂದ ಸುತ್ತಲ ಆಮ್ಲವನ್ನು ತಣಿಸಿಕೊಂಡು, ಸುರುಳಿ ಮೈಯಿಂದ ಲೋಳೆಯ ಪದರ ಕೊರೆದು ಅದು ಒಳಸೇರುತ್ತದೆ.

ಇದು ದೊಡ್ಡವರ ಅಲ್ಸರ್‌ನ ಬ್ಯಾಕ್ಟೀರಿಯಾ ಎಂದು ಹೆಸರಾದರೂ ಹಿಡಿಯುವುದು ಬಾಲ್ಯದಲ್ಲೇ. ಬಹುಪಾಲು ಸೋಂಕು ಮೊದಲ ಐದು–ಹತ್ತು ವರ್ಷಗಳೊಳಗೆ, ಮನೆಯೊಳಗೇ, ಹೆಚ್ಚಾಗಿ ತಾಯಿಯಿಂದ ಅಥವಾ ಒಡಹುಟ್ಟಿದವರಿಂದ ಬರುತ್ತದೆ. ಎಂಜಲು, ವಾಂತಿ, ಮಲ, ಕೊಳಕು ನೀರು, ಒಂದೇ ಹಾಸಿಗೆಯಲ್ಲಿ ಹಲವರು ಮಲಗುವ ಇಕ್ಕಟ್ಟು ಇವೆಲ್ಲ ಅದರ ದಾರಿಗಳು. 1994ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದ ಲೆಕ್ಕ ನಮ್ಮ ದೇಶದ ಚಿತ್ರವನ್ನು ಸ್ಪಷ್ಟವಾಗಿ ಕೊಟ್ಟಿತು: ನಾಲ್ಕು ವರ್ಷದೊಳಗಿನವರಲ್ಲಿ 22%, ಐದರಿಂದ ಒಂಬತ್ತು ವರ್ಷದವರಲ್ಲಿ 56%, ಹತ್ತರಿಂದ ಹತ್ತೊಂಬತ್ತರವರಲ್ಲಿ 87% ಮಂದಿಯ ರಕ್ತದಲ್ಲಿ ಈ ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕಾಯವಿತ್ತು. ಮೂವತ್ತು ವರ್ಷಗಳಲ್ಲಿ ನೀರು, ಶೌಚಾಲಯ, ಮನೆಗಳ ಸ್ಥಿತಿ ಸುಧಾರಿಸಿದಲ್ಲೆಲ್ಲ ಜಗತ್ತಿನಾದ್ಯಂತ ಈ ಪ್ರಮಾಣ ಇಳಿಯುತ್ತಿದೆ. ಆದರೂ ಆ ಏರುದಾರಿಯನ್ನು ನೆನಪಿಟ್ಟುಕೊಳ್ಳಬೇಕು. ಇಷ್ಟು ವ್ಯಾಪಕವಾದದ್ದು ಒಂದು ಮಗುವಿನಲ್ಲಿ ಕಂಡುಬಂದರೆ ಅದೇ ಆ ಮಗುವಿನ ಕಾಯಿಲೆ ಎಂದು ಹೇಳಿಬಿಡಲಾಗದು. ಸೋಂಕು ತಗಲಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಎಂಡೋಸ್ಕೋಪಿ ಮಾಡಿದರೆ ಜಠರದ ಕೆಳಭಾಗದಲ್ಲಿ ಸಣ್ಣ ಸಣ್ಣ ಗುಬುಟುಗಳೆದ್ದ ಒಳಪದರ ಕಾಣಬಹುದು. ಹುಣ್ಣು ಮಾತ್ರ ಮಕ್ಕಳಲ್ಲಿ ಅಪರೂಪ.

ಈಗ ಹಾಳೆಯ ದಪ್ಪಕ್ಷರಕ್ಕೆ ಬರೋಣ. ಐಜಿಜಿ ಎಂದರೆ ದೇಹ ತಯಾರಿಸಿದ ಪ್ರತಿಕಾಯ. ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಆದ್ದರಿಂದ ಪಾಸಿಟಿವ್ ಎಂದರೆ ‘ಎಂದೋ ಒಮ್ಮೆ ಭೇಟಿಯಾಗಿತ್ತು’ ಎಂದಷ್ಟೇ ಅರ್ಥ. ಮಕ್ಕಳಲ್ಲಿ ಈ ಸಮಸ್ಯೆ ದೊಡ್ಡವರಿಗಿಂತ ಹೆಚ್ಚು, ಏಕೆಂದರೆ ಎಳೆವಯಸ್ಸಿನ ಸೋಂಕು ಎಷ್ಟೋ ಸಲ ಬಂದು ತಾನಾಗಿಯೇ ಹೋಗಿಬಿಡುತ್ತದೆ. ಅಮೆರಿಕ–ಮೆಕ್ಸಿಕೊ ಗಡಿಯ ಎಲ್ ಪಾಸೊ ಮತ್ತು ಹುವಾರೆಸ್ ನಗರಗಳಲ್ಲಿ ಹುಟ್ಟಿನಿಂದಲೇ ಮಕ್ಕಳನ್ನು ಹಿಂಬಾಲಿಸಿ ಪದೇ ಪದೇ ಉಸಿರಿನ ಪರೀಕ್ಷೆ ಮಾಡಿದ ಅಧ್ಯಯನದಲ್ಲಿ ಎಳೆಯ ಮಕ್ಕಳ ಸೋಂಕುಗಳಲ್ಲಿ ಬಹಳಷ್ಟು ತಾತ್ಕಾಲಿಕವಾಗಿದ್ದವು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ಸೋಂಕು ಹೊಸದಾಗಿದ್ದರೆ ಪ್ರತಿಕಾಯ ಮೂಡಲು ವಾರಗಳು ಬೇಕು. ಪುಟ್ಟ ಮಕ್ಕಳ ರೋಗನಿರೋಧಕ ವ್ಯವಸ್ಥೆ ಕೊಡುವ ಉತ್ತರವೇ ದುರ್ಬಲ. ಅದರ ಮೇಲೆ, ಈ ಪರೀಕ್ಷೆಗಳಲ್ಲಿ ಎಷ್ಟಕ್ಕೆ ಪಾಸಿಟಿವ್ ಎನ್ನಬೇಕೆಂಬ ಗೆರೆಯನ್ನು ಅನೇಕ ಕಿಟ್‌ಗಳಲ್ಲಿ ದೊಡ್ಡವರ ರಕ್ತ ನೋಡಿ ಎಳೆದಿದ್ದಾರೆ. ಅದೇ ಗೆರೆಯನ್ನು ಐದು ವರ್ಷದ ಮಗುವಿಗೆ ಹಚ್ಚಿದರೆ ನಿಜವಾಗಿ ಸೋಂಕಿರುವ ಮಗುವೂ ನೆಗೆಟಿವ್ ಆಗಿಬಿಡುತ್ತದೆ. ಇನ್ನು ಹಸುಗೂಸಿನ ರಕ್ತದಲ್ಲಿ ಕಾಣುವ ಐಜಿಜಿ ಗರ್ಭದಲ್ಲಿದ್ದಾಗ ಮಾಸುವಿನ ಮೂಲಕ ತಾಯಿಯಿಂದ ಬಂದದ್ದು. ಮೊದಲ ಕೆಲವು ತಿಂಗಳಲ್ಲಿ ಅದು ಕರಗುತ್ತದೆ. ತಾಯಿಯ ರಕ್ಷಣೆ ಅಲ್ಲಿಗೇ ನಿಲ್ಲುವುದಿಲ್ಲ. ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ 1990ರ ದಶಕದಲ್ಲಿ ನಡೆದ ಕೆಲಸ ತಾಯಿಹಾಲಿನ ಐಜಿಎ ಪ್ರತಿಕಾಯಕ್ಕೂ ಕೂಸಿಗೆ ಸೋಂಕು ತಡವಾಗಿ ಬರುವುದಕ್ಕೂ ನಂಟು ತೋರಿಸಿತು. 

ಸಂಖ್ಯೆಯಲ್ಲಿ ನೋಡಿದರೆ ಸಮಸ್ಯೆ ಇನ್ನೂ ಎದ್ದು ಕಾಣುತ್ತದೆ. ಒಂದು ಊರಿನ ನೂರು ಮಕ್ಕಳಲ್ಲಿ ಇಪ್ಪತ್ತು ಮಂದಿಗೆ ಈಗ ಸೋಂಕಿದೆ ಎಂದುಕೊಳ್ಳೋಣ. ಸೋಂಕಿರುವವರಲ್ಲಿ 80% ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ 85% ಮಂದಿಯನ್ನು ಸರಿಯಾಗಿ ಬಿಡುವ ಪರೀಕ್ಷೆ ನಮ್ಮ ಕೈಯಲ್ಲಿದೆ ಎಂದುಕೊಳ್ಳೋಣ. ಸೋಂಕಿರುವ ಇಪ್ಪತ್ತರಲ್ಲಿ ಹದಿನಾರು ಮಂದಿ ಸಿಗುತ್ತಾರೆ. ಸೋಂಕಿಲ್ಲದ ಎಂಬತ್ತರಲ್ಲಿ ಹನ್ನೆರಡು ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು ಇಪ್ಪತ್ತೆಂಟು ಹಾಳೆಗಳಲ್ಲಿ ಹನ್ನೆರಡು ಸುಳ್ಳು. ಉಳಿದ ಹದಿನಾರು ಮಕ್ಕಳಲ್ಲೂ ಹೊಟ್ಟೆನೋವಿಗೆ ಇದೇ ಕಾರಣವೆಂಬುದಕ್ಕೆ ಆಧಾರವಿಲ್ಲ. ಅವರೆಲ್ಲರಿಗೂ ಎರಡು ವಾರ ಎರಡು ಬಗೆಯ ಆ್ಯಂಟಿಬಯೊಟಿಕ್ ಕೊಟ್ಟರೆ ಯಾರಿಗೆ ಏನು ಒಳ್ಳೆಯದಾಯಿತು?

ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ–ಕರುಳು ತಜ್ಞರ ಸಂಘಗಳು 2017ರಲ್ಲಿ ಪ್ರಕಟಿಸಿದ ಜಂಟಿ ಮಾರ್ಗಸೂಚಿ ಇದರಲ್ಲಿ ನೇರವಾಗಿ ಮಾತಾಡುತ್ತದೆ: ರಕ್ತ, ಮೂತ್ರ, ಜೊಲ್ಲು ಯಾವುದರಲ್ಲೇ ಆಗಲಿ, ಪ್ರತಿಕಾಯ ನೋಡುವ ಪರೀಕ್ಷೆಯನ್ನು ಮಗುವಿನ ಚಿಕಿತ್ಸೆ ನಿರ್ಧರಿಸಲು ಬಳಸಬಾರದು. ಪರೀಕ್ಷೆಯ ಗುರಿ ಮಗುವಿನ ತೊಂದರೆಗೆ ಮೂಲ ಏನೆಂದು ತಿಳಿಯುವುದೇ ಹೊರತು ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದಷ್ಟೇ ಅಲ್ಲ ಎಂದೂ ಅದು ಹೇಳುತ್ತದೆ. ಬೇರೆ ಅಪಾಯದ ಲಕ್ಷಣಗಳಿಲ್ಲದ, ಮೇಲೆ ಹೇಳಿದಂಥ ಹೊಟ್ಟೆನೋವಿಗೆ ಈ ಸೋಂಕನ್ನು ಹುಡುಕಿಕೊಂಡು ಹೋಗಬೇಡಿ ಎಂಬುದು ಅದರ ಸಲಹೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ ನಡೆಯುತ್ತಿರುವುದು ಕಂಡು ನನಗೆ ಸಂಕಟವಾಗುತ್ತದೆ. ಬೆರಳು ಚುಚ್ಚಿ ಹನಿ ಹಾಕಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡಿಸುವ ಕಾರ್ಡು ಅಗ್ಗ, ಸುಲಭ. ಬ್ಯಾಕ್ಟೀರಿಯಾವನ್ನೇ ಹುಡುಕುವ ಪರೀಕ್ಷೆ ಮಾಡಿಸಲು ತಾಲ್ಲೂಕು ಕೇಂದ್ರದಿಂದ ಎಷ್ಟೋ ಸಲ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕು. ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದ ತಾಯಿಗೆ ಕಾರ್ಡೇ ಸಾಕೆನಿಸಿದರೆ ಅವಳನ್ನು ದೂರಲಾಗದು.

ಹಾಗೆಂದು ಪ್ರತಿಕಾಯ ಪರೀಕ್ಷೆ ನಿರುಪಯೋಗಿಯಲ್ಲ. ಒಂದು ಊರಲ್ಲಿ, ಒಂದು ತಲೆಮಾರಿನಲ್ಲಿ ಸೋಂಕು ಎಷ್ಟು ಹಬ್ಬಿದೆ, ಹತ್ತು ವರ್ಷದ ಹಿಂದಿಗಿಂತ ಕಡಿಮೆಯಾಗಿದೆಯೇ ಎಂದು ತಿಳಿಯಲು ಅದಕ್ಕಿಂತ ಸುಲಭ ಸಾಧನವಿಲ್ಲ. ಮುಂಬಯಿಯ ಲೆಕ್ಕ ಬಂದದ್ದೂ ಹಾಗೆಯೇ. ಜಪಾನಿನ ಸಾಗಾ ಪ್ರಾಂತ್ಯದಲ್ಲಿ 2016ರಿಂದ ಮಾಧ್ಯಮಿಕ ಶಾಲೆಯ ಕೊನೆಯ ವರ್ಷದ ಮಕ್ಕಳಿಗೆ ಮೂತ್ರದಲ್ಲಿ ಪ್ರತಿಕಾಯ ನೋಡಿ, ಪಾಸಿಟಿವ್ ಬಂದವರಿಗೆ ಮಲದ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಒಪ್ಪಿದವರಿಗೆ ಚಿಕಿತ್ಸೆ ಕೊಡುತ್ತಾರೆ. ಜಠರದ ಕ್ಯಾನ್ಸರ್ ಹೆಚ್ಚಾಗಿರುವ ದೇಶ ಅದು. ಮುಂದಿನ ತಲೆಮಾರನ್ನಾದರೂ ಕಾಪಾಡೋಣ ಎಂಬ ಅವರ ಲೆಕ್ಕಾಚಾರ ಬೇರೆ. ಅಲ್ಲೂ ಪ್ರತಿಕಾಯವೊಂದನ್ನೇ ನಂಬಿ ಮಾತ್ರೆ ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು.

ಹಾಳೆಯ ಇನ್ನೊಂದು ಅಂಕಿ, ಹಿಮೋಗ್ಲೋಬಿನ್ 10.4, ನನ್ನ ಮಟ್ಟಿಗೆ ಐಜಿಜಿಗಿಂತ ಮುಖ್ಯ. ರಕ್ತಸೂಚಕಗಳ ಇಡೀ ಚರ್ಚೆಯಲ್ಲಿ ಅತ್ಯಂತ ಗಟ್ಟಿಯಾದ, ಅಷ್ಟೇ ತೊಡಕಿನ ಭಾಗ ಕಬ್ಬಿಣಾಂಶದ್ದು.

ಸೋಂಕಿಗೂ ಕಬ್ಬಿಣದ ಕೊರತೆಗೂ ನಂಟಿದೆ ಎನ್ನಲು ಒಪ್ಪತಕ್ಕ ಕಾರಣಗಳಿವೆ. ರಾಗಿ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ಕರುಳಿನಲ್ಲಿ ಹೀರಲ್ಪಡಬೇಕಾದರೆ ಜಠರದ ಆಮ್ಲ ಬೇಕು. ಜಠರರಸದಲ್ಲಿ ಸ್ರವಿಸುವ ವಿಟಮಿನ್ ಸಿ ಕೂಡ ಬೇಕು. ದೀರ್ಘಕಾಲದ ಉರಿಯೂತ ಇವೆರಡನ್ನೂ ಇಳಿಸುತ್ತದೆ. ಮಾಂಸದ ಕಬ್ಬಿಣ ಇವುಗಳ ಹಂಗಿಲ್ಲದೆ ಒಳಹೋಗುತ್ತದೆ, ಸಸ್ಯಾಹಾರದ ಕಬ್ಬಿಣ ಹಾಗಲ್ಲ. ಹಾಗಾಗಿ ಸೋಂಕು ನಿಜಕ್ಕೂ ಹಾನಿ ಮಾಡುವುದಾದರೆ ನಮ್ಮಂಥ ಊಟದ ಮಕ್ಕಳಿಗೇ ಹೆಚ್ಚು ಮಾಡಬೇಕು. ಇದರ ಜೊತೆಗೆ ಬ್ಯಾಕ್ಟೀರಿಯಾಕ್ಕೂ ಬದುಕಲು ಕಬ್ಬಿಣ ಬೇಕು. ಹುಣ್ಣಿದ್ದರೆ ಅಷ್ಟಿಷ್ಟು ರಕ್ತವೂ ಸೋರುತ್ತದೆ. ಈ ಶತಮಾನದ ಆರಂಭದಲ್ಲಿ ಯಕೃತ್ತಿನ ಹೆಪ್ಸಿಡಿನ್ ಎಂಬ ಹಾರ್ಮೋನು ಬೆಳಕಿಗೆ ಬಂದ ಮೇಲೆ ಇನ್ನೊಂದು ಕೊಂಡಿ ಸಿಕ್ಕಿತು. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಹೆಪ್ಸಿಡಿನ್ ಏರುತ್ತದೆ, ಕರುಳಿನ ಜೀವಕೋಶಗಳಿಂದ ರಕ್ತಕ್ಕೆ ಕಬ್ಬಿಣ ದಾಟುವ ಬಾಗಿಲನ್ನು ಮುಚ್ಚುತ್ತದೆ. ಸೋಂಕಿರುವ ಮಕ್ಕಳಲ್ಲಿ ಹೆಪ್ಸಿಡಿನ್ ಹೆಚ್ಚಿದೆ, ಅದಕ್ಕೇ ಬಾಯಿಯ ಮೂಲಕ ಕೊಟ್ಟ ಕಬ್ಬಿಣ ಹತ್ತುವುದಿಲ್ಲ ಎಂದು ಕೆಲವು ಅಧ್ಯಯನಗಳು ಹೇಳಿದವು.

ಕಾರಣ ಸರಿಯೆನಿಸಿತೆಂದ ಮಾತ್ರಕ್ಕೆ ಸೋಂಕು ಕಳೆದರೆ ರಕ್ತ ಏರುತ್ತದೆ ಎಂದಾಗುವುದಿಲ್ಲ. ಅದನ್ನು ಪ್ರಯೋಗದಿಂದಲೇ ನೋಡಬೇಕು. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಹದಿಹರೆಯದವರಿಗೆ ಬ್ಯಾಕ್ಟೀರಿಯಾ ನಿವಾರಣೆಯ ಔಷಧ ಕೊಟ್ಟಾಗ ಹಿಮೋಗ್ಲೋಬಿನ್ ಚೆನ್ನಾಗಿ ಏರಿತು. ಅದು ಹೊತ್ತಿಸಿದ ಭರವಸೆಯನ್ನು ಅಲಾಸ್ಕ ತಣಿಸಿತು. ಅಲ್ಲಿಯ ಮೂಲನಿವಾಸಿ ಹಳ್ಳಿಗಳಲ್ಲಿ ಏಳರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಒಂದು ಗುಂಪಿಗೆ ಬರೀ ಕಬ್ಬಿಣ, ಇನ್ನೊಂದಕ್ಕೆ ಕಬ್ಬಿಣದೊಂದಿಗೆ ಸೋಂಕಿನ ಚಿಕಿತ್ಸೆ ಕೊಟ್ಟು ಹದಿನಾಲ್ಕು ತಿಂಗಳ ಬಳಿಕ ನೋಡಿದರೆ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇನ್ನೂ ಎರಡು ವರ್ಷ ಕಳೆದು ನೋಡಿದಾಗ, ಬಹುಕಾಲ ಸೋಂಕಿನಿಂದ ದೂರ ಉಳಿದ ಮಕ್ಕಳಲ್ಲಿ ರಕ್ತಹೀನತೆ ಕಡಿಮೆ ಕಂಡಿತು. ಆದರೆ ಗುಣವಾದ ಎಷ್ಟೋ ಮಕ್ಕಳಿಗೆ ಅಷ್ಟರಲ್ಲಿ ಮತ್ತೆ ಸೋಂಕು ತಗಲಿತ್ತು. ಢಾಕಾದ ಪ್ರಯೋಗ 2008ರಲ್ಲಿ ಬಂತು. ಎರಡರಿಂದ ಐದು ವರ್ಷದ, ಸೋಂಕೂ ಕಬ್ಬಿಣದ ಕೊರತೆಯೂ ಇದ್ದ ಇನ್ನೂರು ಮಕ್ಕಳನ್ನು ನಾಲ್ಕು ಗುಂಪು ಮಾಡಿ ಹೋಲಿಸಿದರು. ಕಬ್ಬಿಣ ಸಿಕ್ಕವರ ರಕ್ತ ಏರಿತು. ಬ್ಯಾಕ್ಟೀರಿಯಾ ನಿವಾರಣೆಯಿಂದ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಈ ವಯಸ್ಸಿನ ಬಾಂಗ್ಲಾ ಮಕ್ಕಳಲ್ಲಿ ಕಬ್ಬಿಣದ ಕೊರತೆಗೆ ಈ ಸೋಂಕು ಕಾರಣವಲ್ಲ ಎಂದು ಸಂಶೋಧಕರು ಖಡಾಖಂಡಿತವಾಗಿ ಬರೆದರು.

ಮೂರು ಪ್ರಯೋಗಗಳು ಒಂದನ್ನೊಂದು ಅಲ್ಲಗಳೆಯುವಂತೆ ಕಂಡರೂ ನನಗೆ ಅವು ವಯಸ್ಸಿನ ಮಾತನ್ನೇ ಆಡುತ್ತಿವೆ ಎನಿಸುತ್ತದೆ. ಮೂರು ವರ್ಷದ ಮಗುವಿನ ಜಠರದಲ್ಲಿ ಉರಿಯೂತ ಇನ್ನೂ ಎಳೆಯದು, ಆಮ್ಲ ಇಳಿಯುವ ಮಟ್ಟಿಗೆ ಬಲಿತಿರುವುದಿಲ್ಲ. ಆ ಮಗುವಿನ ಕೊರತೆ ಮುಖ್ಯವಾಗಿ ತಟ್ಟೆಯಿಂದ ಬಂದದ್ದು. ಹದಿನಾಲ್ಕರ ಹುಡುಗಿಯಲ್ಲಿ ಹತ್ತು ವರ್ಷ ಹಳೆಯ ಸೋಂಕು, ಸರ್ರನೆ ಬೆಳೆಯುವ ಮೈ, ಮುಟ್ಟಿನಲ್ಲಿ ಹೋಗುವ ರಕ್ತ ಮೂರೂ ಸೇರುತ್ತವೆ. ಅಲ್ಲಿ ಹೀರಿಕೆ ಸ್ವಲ್ಪ ತಗ್ಗಿದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ‘ಮಕ್ಕಳಲ್ಲಿ’ ಎಂದು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸುವ ಅಧ್ಯಯನಗಳನ್ನು ನಾನು ಎಚ್ಚರದಿಂದ ಓದುತ್ತೇನೆ.

ಕಬ್ಬಿಣವನ್ನು ಅಳೆಯುವುದೇ ಒಂದು ಸವಾಲು. ದೇಹದ ಕಬ್ಬಿಣದ ದಾಸ್ತಾನು ತಿಳಿಯಲು ಫೆರಿಟಿನ್ ನೋಡುತ್ತಾರೆ. ಆದರೆ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ನೆಗಡಿ, ಭೇದಿ, ಹಲ್ಲಿನ ಹುಳುಕು ಯಾವುದಿದ್ದರೂ ಸರಿ, ದಾಸ್ತಾನು ಖಾಲಿಯಾಗಿರುವ ಮಗುವಿನ ಅಂಕಿ ‘ನಾರ್ಮಲ್’ ಎಂದು ತೋರಬಹುದು. ಇದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎರಡು ಗೆರೆ ಎಳೆಯಿತು. ಆರೋಗ್ಯವಂತ ಮಗುವಾದರೆ ಐದು ವರ್ಷದೊಳಗೆ ಲೀಟರಿಗೆ 12 ಮೈಕ್ರೋಗ್ರಾಂ, ಆಮೇಲೆ 15ಕ್ಕಿಂತ ಕೆಳಗಿದ್ದರೆ ಕೊರತೆ. ಸೋಂಕು ಅಥವಾ ಉರಿಯೂತವಿದ್ದರೆ 30 ಮತ್ತು 70ಕ್ಕಿಂತ ಕೆಳಗಿದ್ದರೂ ಕೊರತೆಯೆಂದೇ ತಿಳಿಯಬೇಕು. ಅಂದರೆ ಫೆರಿಟಿನ್ 40 ಇರುವ ಏಳು ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಕಬ್ಬಿಣ ಸಾಕಷ್ಟಿರಬಹುದು, ಇನ್ನೊಬ್ಬನಿಗೆ ಖಾಲಿಯಾಗಿರಬಹುದು. ಜೊತೆಯಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ನೋಡದ ಫೆರಿಟಿನ್ ಅರ್ಧ ಮಾತು ಮಾತ್ರ ಆಡುತ್ತದೆ. ಸಿಆರ್‌ಪಿಯಿಂದಲೇ ಜಠರದ ಸೋಂಕನ್ನು ಹಿಡಿಯಬಹುದೇ ಎಂದು ಕೇಳಿದರೆ, ಇಲ್ಲ. ಜಠರದ ಈ ಉರಿಯೂತ ಬಹುಮಟ್ಟಿಗೆ ಆ ಜಾಗಕ್ಕೇ ಸೀಮಿತ, ರಕ್ತದ ಸಿಆರ್‌ಪಿಯನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ನಮ್ಮ ದೇಶದ ಅಂಕಿಗಳೂ ಇದೇ ಎಚ್ಚರ ಬೇಡುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 67.1% ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ 65.5%. ಅದಕ್ಕೆ ಸ್ವಲ್ಪ ಮೊದಲು, 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಒಂದರಿಂದ ನಾಲ್ಕು ವರ್ಷದವರಲ್ಲಿ 41% ಎಂದಿತ್ತು. ಮೊದಲನೆಯದು ಬೆರಳು ಚುಚ್ಚಿ ತೆಗೆದ ಹನಿಯ ಲೆಕ್ಕ, ಎರಡನೆಯದು ರಕ್ತನಾಳದಿಂದ ತೆಗೆದ ರಕ್ತದ್ದು. ಬೆರಳಿನ ಹನಿಯನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಇಳಿಯುತ್ತದೆ. ವ್ಯತ್ಯಾಸದ ಎಲ್ಲ ಹೊಣೆ ಇದಕ್ಕೇ ಇಲ್ಲದಿದ್ದರೂ ಹೆಚ್ಚಿನದು ಇದಕ್ಕೇ ಎಂದು ತಜ್ಞರು ವಾದಿಸುತ್ತಾರೆ. ಆ ಪೋಷಣಾ ಸಮೀಕ್ಷೆಯಲ್ಲೇ ಕಬ್ಬಿಣದ ಕೊರತೆ ಒಂದರಿಂದ ನಾಲ್ಕರವರಲ್ಲಿ 32%, ಐದರಿಂದ ಒಂಬತ್ತರವರಲ್ಲಿ 17%, ಹದಿಹರೆಯದವರಲ್ಲಿ 22% ಇತ್ತು. ಇದನ್ನು ಮುಂಬಯಿಯ ಸೋಂಕಿನ ಏಣಿಯ ಪಕ್ಕ ಇಟ್ಟು ನೋಡಿ. ಕಾಲವೂ ಜಾಗವೂ ಬೇರೆಯಾದ್ದರಿಂದ ಇದು ಪುರಾವೆಯಲ್ಲ, ಸುಳಿವಷ್ಟೇ. ಸೋಂಕು ವಯಸ್ಸಿನೊಂದಿಗೆ ಏರುತ್ತಲೇ ಹೋಗುತ್ತದೆ, ಕಬ್ಬಿಣದ ಕೊರತೆ ಅತಿ ಹೆಚ್ಚಿರುವುದು ಸೋಂಕು ಅತಿ ಕಡಿಮೆಯಿರುವ ವಯಸ್ಸಿನಲ್ಲಿ.

ಹಾಗಿದ್ದರೆ ಕಬ್ಬಿಣದ ಸೂಚಕಗಳು ಈ ಸೋಂಕಿನ ವಿಷಯದಲ್ಲಿ ಯಾವಾಗ ಕೆಲಸಕ್ಕೆ ಬರುತ್ತವೆ? ಅವು ಕಾಲದೊಂದಿಗೆ ಹೇಗೆ ಸಾಗುತ್ತವೆ ಎಂದು ನೋಡಿದಾಗ. ರಕ್ತಹೀನತೆಯ ಮಗುವಿಗೆ ಮೊದಲು ಕಬ್ಬಿಣದ ಸಿರಪ್ಪನ್ನು ಸರಿಯಾದ ಪ್ರಮಾಣದಲ್ಲಿ, ಚಹಾ–ಹಾಲಿನೊಂದಿಗೆ ಬೆರೆಸದೆ ಕೊಡಬೇಕು. ಜಂತುಹುಳು ನೋಡಬೇಕು, ಆನುವಂಶಿಕ ರಕ್ತದೋಷವಾದ ಥಲಸೀಮಿಯಾ ಗುಣದ ಕುಟುಂಬವೇ ಎಂದು ವಿಚಾರಿಸಬೇಕು. ಕೆಂಪು ರಕ್ತಕಣಗಳ ಸರಾಸರಿ ಗಾತ್ರವನ್ನು ಅವುಗಳ ಎಣಿಕೆಯಿಂದ ಭಾಗಿಸಿದರೆ ಹದಿಮೂರಕ್ಕಿಂತ ಕಡಿಮೆ ಬಂದಾಗ ಥಲಸೀಮಿಯಾ ಗುಣದ ಅನುಮಾನ ಹುಟ್ಟಬೇಕು. ಸಾಮಾನ್ಯ ರಕ್ತಪರೀಕ್ಷೆಯ ಹಾಳೆಯಲ್ಲೇ ಸಿಗುವ, ಬಿಡಿಗಾಸು ಖರ್ಚಿಲ್ಲದ ಸೂಚಕ ಇದು. ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಔಷಧ ತಪ್ಪದೆ ಕೊಟ್ಟೂ ಏರದಿದ್ದರೆ, ಏರಿ ಮತ್ತೆ ಮತ್ತೆ ಇಳಿದರೆ, ಬೇರೆ ಕಾರಣಗಳು ಸಿಗದಿದ್ದರೆ ಆಗ ಎಂಡೋಸ್ಕೋಪಿ ಮಾಡಿಸಿ ಈ ಬ್ಯಾಕ್ಟೀರಿಯಾವನ್ನೂ ಸೀಲಿಯಾಕ್ ಕಾಯಿಲೆಯನ್ನೂ ಹುಡುಕುವುದು ನ್ಯಾಯ. 2017ರ ಮಾರ್ಗಸೂಚಿಯ ನಿಲುವೂ ಇದೇ: ಕಬ್ಬಿಣದ ಕೊರತೆ ಕಂಡ ಕೂಡಲೇ ಸೋಂಕು ಹುಡುಕಬೇಡಿ, ಜಗ್ಗದ ಕೊರತೆಯಾದರೆ ಹುಡುಕಿ.

ಇನ್ನು ಕಳೆದ ಹತ್ತು–ಹದಿನೈದು ವರ್ಷಗಳಲ್ಲಿ ಪತ್ರಿಕೆಗಳನ್ನು ತುಂಬಿರುವ ಇನ್ನೊಂದು ಬಗೆಯ ಸೂಚಕಗಳು. ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳ ಅನುಪಾತ, ಪ್ಲೇಟ್‌ಲೆಟ್ ಮತ್ತು ಲಿಂಫೋಸೈಟುಗಳ ಅನುಪಾತ, ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ. ಇವೆಲ್ಲ ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಸಿಗುವುದರಿಂದ, ಹಳೆಯ ಕಡತಗಳನ್ನು ತೆರೆದು ಎಂಡೋಸ್ಕೋಪಿಯ ಫಲಿತಾಂಶದೊಂದಿಗೆ ಹೊಂದಿಸಿ ನೋಡುವುದು ಸುಲಭ. ಟರ್ಕಿಯಿಂದ ಇಂಥ ಅಧ್ಯಯನಗಳು ಬಹಳ ಬಂದಿವೆ. ಕೆಲವುಗಳಲ್ಲಿ ಸೋಂಕಿನ ಮಕ್ಕಳಲ್ಲಿ ಅನುಪಾತ ಹೆಚ್ಚು, ಕೆಲವುಗಳಲ್ಲಿ ವ್ಯತ್ಯಾಸವೇ ಇಲ್ಲ.

ಈ ಗೊಂದಲಕ್ಕೆ ಮಗುವಿನ ರಕ್ತದ ಸ್ವಭಾವವೇ ಕಾರಣ ಎಂದು ನನ್ನ ನಂಬಿಕೆ. ಹುಟ್ಟಿದಾಗ ಮಗುವಿನ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳದ್ದೇ ಬಹುಮತ. ಒಂದು ವಾರದೊಳಗೆ ಲಿಂಫೋಸೈಟುಗಳು ಮೇಲೇರುತ್ತವೆ. ನಾಲ್ಕೈದು ವರ್ಷ ಅವೇ ಮುಂದಿರುತ್ತವೆ. ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಎರಡೂ ಸರಿಸಮವಾಗಿ, ಆಮೇಲೆ ನ್ಯೂಟ್ರೋಫಿಲ್‌ಗಳು ದೊಡ್ಡವರಂತೆ ಮುಂದಾಗುತ್ತವೆ. ಮೂರು ವರ್ಷದ ಮಗುವಿಗೂ ಹನ್ನೆರಡರ ಹುಡುಗನಿಗೂ ಯಾವ ಕಾಯಿಲೆಯೂ ಇಲ್ಲದೆಯೇ ಈ ಅನುಪಾತ ಎರಡು ಮೂರು ಪಟ್ಟು ಬೇರೆಯಿರಬಹುದು. ಸೋಂಕಿರುವ ಗುಂಪಿನ ಮಕ್ಕಳು ಸ್ವಲ್ಪ ದೊಡ್ಡವರಾಗಿರುವುದು ಸಹಜ, ಸೋಂಕು ವಯಸ್ಸಿನೊಂದಿಗೆ ಏರುತ್ತದಲ್ಲ. ಆಗ ಅನುಪಾತದ ಏರಿಕೆ ಬ್ಯಾಕ್ಟೀರಿಯಾದ್ದೋ ವಯಸ್ಸಿನದ್ದೋ? ವಯಸ್ಸನ್ನು ಬಿಗಿಯಾಗಿ ಹೊಂದಿಸದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿಲ್ಲ. ಪ್ಲೇಟ್‌ಲೆಟ್ ಗಾತ್ರದ್ದು ಇನ್ನೂ ಕಷ್ಟ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕುವ ಇಡಿಟಿಎ ರಾಸಾಯನಿಕದಲ್ಲಿ ಪ್ಲೇಟ್‌ಲೆಟ್‌ಗಳು ಹೊತ್ತು ಹೋದಂತೆ ಉಬ್ಬುತ್ತವೆ. ಬೆಳಿಗ್ಗೆ ಹಳ್ಳಿಯಲ್ಲಿ ತೆಗೆದ ರಕ್ತ ಮಧ್ಯಾಹ್ನ ಪಟ್ಟಣದ ಯಂತ್ರಕ್ಕೆ ಹೋದರೆ ಅದೇ ಮಗುವಿನ ಅಂಕಿ ಬೇರೆ ಬರುತ್ತದೆ. ಇಷ್ಟು ಅಲುಗಾಡುವ ನೆಲದ ಮೇಲೆ ರೋಗನಿರ್ಣಯ ಕಟ್ಟಲಾಗದು. ಈ ಅನುಪಾತಗಳನ್ನು ಮಕ್ಕಳ ಎಚ್. ಪೈಲೋರಿಗೆ ಬಳಸುವುದನ್ನು ಸದ್ಯಕ್ಕೆ ಬಿಡುವುದೇ ಲೇಸು.

ಪೆಪ್ಸಿನೋಜೆನ್ ಬೇರೆ ದರ್ಜೆಯದು, ಏಕೆಂದರೆ ಅದು ಜಠರದಲ್ಲೇ ಹುಟ್ಟಿ ರಕ್ತಕ್ಕೆ ಸೇರುವ ವಸ್ತು. ಒಂದನೆಯ ಪೆಪ್ಸಿನೋಜೆನ್ ಆಮ್ಲ ಸ್ರವಿಸುವ ಮೇಲುಭಾಗದ ಗ್ರಂಥಿಗಳಿಂದ ಬರುತ್ತದೆ, ಎರಡನೆಯದು ಜಠರದ ಎಲ್ಲ ಭಾಗಗಳಿಂದಲೂ ಬರುತ್ತದೆ. ಮೇಲುಭಾಗದ ಒಳಪದರ ಸವೆದುಹೋದಾಗ ಮೊದಲನೆಯದು ಕುಸಿಯುತ್ತದೆ, ಎರಡರ ಅನುಪಾತವೂ ಇಳಿಯುತ್ತದೆ. ಮೊದಲನೆಯದು ಮಿಲಿಲೀಟರಿಗೆ 70 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ, ಅನುಪಾತ 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರಿನ ಅಪಾಯದ ಗುಂಪು ಎಂದು ಜಪಾನಿನಲ್ಲಿ ದೊಡ್ಡವರನ್ನು ಜಾಲಿಸುತ್ತಾರೆ. ಮಕ್ಕಳಲ್ಲಿ ಸವೆತ ಅಪರೂಪ, ಹಾಗಾಗಿ ಅಂಥ ಕುಸಿತ ಕಾಣುವುದಿಲ್ಲ. ಸೋಂಕಿನ ಮಕ್ಕಳಲ್ಲಿ ಎರಡನೆಯ ಪೆಪ್ಸಿನೋಜೆನ್ ಏರುತ್ತದೆ, ಬ್ಯಾಕ್ಟೀರಿಯಾ ಹೋದ ಮೇಲೆ ಇಳಿಯುತ್ತದೆ. ಪ್ರತಿಕಾಯದಂತೆ ವರ್ಷಗಟ್ಟಲೆ ಉಳಿಯದೆ ಜಠರದ ಇಂದಿನ ಸ್ಥಿತಿಯನ್ನು ಹೇಳುವುದರಿಂದ ರಕ್ತಸೂಚಕಗಳಲ್ಲಿ ನನಗೆ ಅತಿ ಭರವಸೆಯದಾಗಿ ಕಾಣುವುದು ಇದೇ. ನಮ್ಮ ಮಕ್ಕಳಿಗೆ ವಯಸ್ಸುವಾರು ಗೆರೆಗಳನ್ನು ಎಳೆಯುವ ಕೆಲಸ ಯಾರಾದರೂ ಕೈಗೆತ್ತಿಕೊಳ್ಳಬೇಕು.

ವಿಟಮಿನ್ ಬಿ12 ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೋಂಕಿನಿಂದ ಅದರ ಹೀರಿಕೆ ಕಡಿಮೆಯಾಗಬಹುದು ನಿಜ. ಆದರೆ ಪೋಷಣಾ ಸಮೀಕ್ಷೆಯಲ್ಲಿ ನಮ್ಮ ಹದಿಹರೆಯದವರಲ್ಲಿ 31% ಮಂದಿಗೆ ಬಿ12 ಕೊರತೆ ಕಂಡದ್ದಕ್ಕೆ ಮೊದಲು ಹುಡುಕಬೇಕಾದ ಕಾರಣ ಊಟದ ತಟ್ಟೆಯಲ್ಲಿದೆ. ಪ್ಲೇಟ್‌ಲೆಟ್ ಎಣಿಕೆಯ ವಿಷಯ ಕುತೂಹಲದ್ದು. ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಐಟಿಪಿ ಕಾಯಿಲೆಯಿದ್ದವರಲ್ಲಿ ಈ ಬ್ಯಾಕ್ಟೀರಿಯಾವನ್ನು ನಿವಾರಿಸಿದರೆ ಪ್ಲೇಟ್‌ಲೆಟ್ ಏರುತ್ತದೆ ಎಂದು ಇಟಲಿಯ ವೈದ್ಯರು 1998ರಲ್ಲಿ ತೋರಿಸಿದರು. ದೊಡ್ಡವರಲ್ಲಿ ಅದು ಹಲವು ಕಡೆ ದೃಢಪಟ್ಟಿತು. ಮಕ್ಕಳ ಐಟಿಪಿ ಬಹುಪಾಲು ವೈರಸ್ ಜ್ವರದ ಬೆನ್ನಿಗೆ ಬಂದು ತಿಂಗಳುಗಳಲ್ಲಿ ತಾನೇ ವಾಸಿಯಾಗುವಂಥದ್ದಾದ್ದರಿಂದ ಅಲ್ಲಿ ಫಲ ಅಷ್ಟಾಗಿ ಕಾಣಲಿಲ್ಲ. ಬಹುಕಾಲ ವಾಸಿಯಾಗದೆ ಉಳಿದ ಐಟಿಪಿಯಲ್ಲಿ ಮಾತ್ರ ಸೋಂಕನ್ನು ಹುಡುಕಿ ನೋಡಬಹುದು.

ಸೋಂಕು ಈಗ ಇದೆಯೇ ಎಂದು ತಿಳಿಯಲೇಬೇಕಾದಾಗ ರಕ್ತವನ್ನು ಬಿಟ್ಟು ಬೇರೆಡೆ ನೋಡಬೇಕು. ಮಲದಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನನ್ನೇ ಹುಡುಕುವ ಪರೀಕ್ಷೆಯಿದೆ. ಉಸಿರಿನ ಪರೀಕ್ಷೆಯಲ್ಲಿ ಕಾರ್ಬನ್–13 ಇರುವ ಯೂರಿಯಾ ಕುಡಿಸಿ, ಅರ್ಧ ಗಂಟೆ ಕೂರಿಸಿ, ಚೀಲಕ್ಕೆ ಊದಿಸಿಕೊಳ್ಳುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆದದ್ದು ಉಸಿರಿನ ಇಂಗಾಲದಲ್ಲಿ ಗೊತ್ತಾಗುತ್ತದೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಇದು ಸುಳ್ಳು ಪಾಸಿಟಿವ್ ಹೆಚ್ಚು ಕೊಡುತ್ತದೆ. ಎಂಡೋಸ್ಕೋಪಿಯಲ್ಲಿ ತೆಗೆದ ಎರಡು–ಮೂರು ಮಿಲಿಮೀಟರಿನ ತುಣುಕನ್ನು ಹಳದಿ ಬಣ್ಣದ ಯೂರಿಯಾ ಜೆಲ್ಲಿಗೆ ಹಾಕಿದರೆ, ಬ್ಯಾಕ್ಟೀರಿಯಾ ಇದ್ದಲ್ಲಿ ಅಮೋನಿಯಾದಿಂದಾಗಿ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಅಂಗಾಂಶ ಪರೀಕ್ಷೆ, ಸಾಧ್ಯವಿದ್ದರೆ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವುದು. ಮಕ್ಕಳಲ್ಲಿ ಚಿಕಿತ್ಸೆಗೆ ಮುನ್ನ ಇಷ್ಟು ಬೇಕು ಎನ್ನುವುದು ಅತಿಯಲ್ಲ. ಕ್ಲಾರಿತ್ರೊಮೈಸಿನ್, ಮೆಟ್ರೊನಿಡಜೋಲ್ ಎರಡಕ್ಕೂ ಈ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಂಡಿದೆ. ಭೇದಿಗೆಂದು ಮೆಟ್ರೊನಿಡಜೋಲನ್ನು ಧಾರಾಳವಾಗಿ ನುಂಗಿದ ನಮ್ಮಲ್ಲಿ ಅದರ ಪ್ರತಿರೋಧ ವಿಪರೀತ. ಹದಿನಾಲ್ಕು ದಿನದ ಕೋರ್ಸು ಸೋತರೆ ಎರಡನೆಯದಕ್ಕೆ ಮಗುವಿಗೆ ಕೊಡಬಹುದಾದ ಔಷಧಗಳೇ ಕಡಿಮೆ, ದೊಡ್ಡವರಿಗೆ ಕೊಡುವ ಕೆಲವನ್ನು ಮಕ್ಕಳಿಗೆ ಕೊಡುವಂತಿಲ್ಲ.

ಪರೀಕ್ಷೆಗೆ ಮುನ್ನ ಆಮ್ಲ ಇಳಿಸುವ ಒಮೆಪ್ರಜೋಲ್‌ನಂಥ ಮಾತ್ರೆಯನ್ನು ಎರಡು ವಾರ, ಆ್ಯಂಟಿಬಯೊಟಿಕ್ಕನ್ನು ನಾಲ್ಕು ವಾರ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಸಿಗುವುದಿಲ್ಲ. ಹೊಟ್ಟೆನೋವೆಂದ ಕೂಡಲೇ ಮೆಡಿಕಲ್ ಶಾಪಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದು ನುಂಗಿಸುವ ರೂಢಿಯಿರುವಾಗ ಇದನ್ನು ವೈದ್ಯರು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ಬಳಿಕ ಮಲ ಅಥವಾ ಉಸಿರಿನ ಪರೀಕ್ಷೆಯಿಂದಲೇ ಬ್ಯಾಕ್ಟೀರಿಯಾ ಹೋಯಿತೆಂದು ಖಚಿತಪಡಿಸಿಕೊಳ್ಳಬೇಕು. ಆಗ ಮತ್ತೆ ಐಜಿಜಿ ಕಾರ್ಡು ಹಾಕಿದರೆ ಗುಣವಾದ ಮಗುವಿಗೂ ಪಾಸಿಟಿವ್ ಎಂದೇ ಬರುತ್ತದೆ, ಅದನ್ನು ನೋಡಿ ಇನ್ನೊಂದು ಕೋರ್ಸು ಶುರುವಾಗುತ್ತದೆ.